ಸುಮ್ಮನೆ ಕುಳಿತರೆ ಕಾಲಿಗೆ ಬಲ ಬರುವುದಿಲ್ಲ

ಪ್ರಶ್ನೆ: ನನಗೆ 72 ವರ್ಷ. ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾಗಿ, ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಬ್ಬಳೇ ಇದ್ದೇನೆ. ಮೂರು ತಿಂಗಳ ಹಿಂದೆ ರಾತ್ರಿ ಮೂತ್ರಕ್ಕೆಂದು ಎದ್ದು ಹೋಗುವಾಗ ಬಚ್ಚಲ ಹೊಸ್ತಿಲ ಬಳಿ ಬಿದ್ದೆ. ಎಕ್ಸ್‌ರೇ ನೋಡಿ ಮೂಳೆ ಮುರಿದಿಲ್ಲ ಎಂದರು. ಬೆಂಗಳೂರಿನಲ್ಲಿರುವ ಮಗ ಅಂದಿನಿಂದ ಅಡುಗೆಗೂ ಮನೆಗೆಲಸಕ್ಕೂ ಒಬ್ಬ ಹೆಂಗಸನ್ನು ಗೊತ್ತುಮಾಡಿ, "ಅಮ್ಮ, ನೀನು ಏನೂ ಮಾಡಬೇಡ, ಸುಮ್ಮನೆ ಕುಳಿತಿರು" ಎಂದಿದ್ದಾನೆ. ಈಗ ದೇವರ ಮುಂದೆ ನೆಲದ ಮೇಲೆ ಕುಳಿತರೆ ಏಳಲು ಆಗುತ್ತಿಲ್ಲ. ಎದ್ದ ಕೂಡಲೇ ತಲೆ ತಿರುಗುತ್ತದೆ. ಪಾದಗಳು ಜೋಮು ಹಿಡಿದಂತಿರುತ್ತವೆ. ಸಂಜೆಗೆ ಕಾಲು ಊದುತ್ತದೆ, ರಾತ್ರಿ ಮೂರು ಸಲ ಮೂತ್ರಕ್ಕೆ ಏಳಬೇಕು. ಎಂಟೂವರೆಗೆ ಮಲಗಿದರೆ ಮೂರೂವರೆಗೇ ಎಚ್ಚರ. ಬಿ.ಪಿ.ಗೆ ಆಮ್ಲೋಡಿಪಿನ್, ಸಕ್ಕರೆ ಕಾಯಿಲೆಗೆ ಹತ್ತಾರು ವರ್ಷಗಳಿಂದ ಮೆಟ್‌ಫಾರ್ಮಿನ್ ಮತ್ತು ಗ್ಲಿಮಿಪಿರೈಡ್, ಯಜಮಾನರು ತೀರಿಕೊಂಡಾಗ ಬರೆದುಕೊಟ್ಟ ನಿದ್ರೆ ಮಾತ್ರೆ ಅರ್ಧ ತೆಗೆದುಕೊಳ್ಳುತ್ತೇನೆ. ಊಟ ಮಿತ; ಏಕಾದಶಿ ತಪ್ಪಿಸಿದ್ದಿಲ್ಲ. ಇದೆಲ್ಲ ವಯಸ್ಸಿನದೇ? ನನ್ನ ಮಟ್ಟಿಗೆ ನಾನೇ ಏನು ಮಾಡಿಕೊಳ್ಳಬಹುದು?

ಉತ್ತರ: ಇದರಲ್ಲಿ ವಯಸ್ಸಿನ ಪಾಲು ಇದೆ, ಆದರೆ ನೀವು ಅಂದುಕೊಂಡಷ್ಟಿಲ್ಲ. ಮೂರು ತಿಂಗಳಲ್ಲಿ ಯಾರಿಗೂ ಇಷ್ಟು ವಯಸ್ಸಾಗುವುದಿಲ್ಲ. ಬೀಳುವ ಮೊದಲು ನೆಲದಿಂದ ಎದ್ದು ನಿಲ್ಲುತ್ತಿದ್ದ ನೀವು ಈಗ ಏಳಲಾಗದಿದ್ದರೆ, ನಡುವೆ ಬದಲಾಗಿದ್ದು ನಿಮ್ಮ ದಿನಚರಿ. ಮಗ ಪ್ರೀತಿಯಿಂದಲೇ ಕೂರಿಸಿದ್ದಾನೆ. ಆದರೆ ಆ ಕೂರುವಿಕೆಯೇ ಈಗ ನಿಮ್ಮ ತೊಂದರೆಯ ದೊಡ್ಡ ಭಾಗ.

ಮಧ್ಯವಯಸ್ಸಿನಿಂದ ಸ್ನಾಯು ನಿಧಾನವಾಗಿ ಕರಗುತ್ತಾ ಹೋಗುತ್ತದೆ, 60 ದಾಟಿದ ಮೇಲೆ ಸ್ವಲ್ಪ ವೇಗವಾಗಿ. ಕೆಲಸ ನಿಲ್ಲಿಸಿದರೆ ಆ ವೇಗಕ್ಕೆ ಲೆಕ್ಕವೇ ಇರುವುದಿಲ್ಲ. ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ಅಳೆದು ನೋಡಿದ ಅಧ್ಯಯನವೊಂದರಲ್ಲಿ, ಕಾಲುಗಳಿಂದಲೇ ಸರಾಸರಿ ಒಂದು ಕಿಲೋದಷ್ಟು ಸ್ನಾಯು ಹೋಗಿತ್ತು. ನೀವು ಹಾಸಿಗೆ ಹಿಡಿದಿಲ್ಲ, ನಿಜ. ಆದರೆ ಒಲೆಯ ಮುಂದೆ ನಿಲ್ಲುವುದು, ಹೂ ಕೊಯ್ಯಲು ಕೈ ಎತ್ತುವುದು, ಬಾವಿಕಟ್ಟೆಯವರೆಗೆ ನಾಲ್ಕು ಸಲ ಓಡಾಡುವುದು, ತರಕಾರಿ ಬುಟ್ಟಿಗೆ ಬಗ್ಗುವುದು ಎಲ್ಲವೂ ಒಟ್ಟಿಗೆ ನಿಂತಿವೆ. ಅದನ್ನು ನೀವು ವ್ಯಾಯಾಮವೆಂದು ಎಣಿಸಿರಲಿಲ್ಲ, ತೊಡೆಯ ಸ್ನಾಯುಗಳು ಎಣಿಸುತ್ತಿದ್ದವು.

ಮೊದಲು ಒಂದು ಅಳತೆ ಮಾಡಿಕೊಳ್ಳಿ. ಕೈಹಿಡಿ ಇಲ್ಲದ, ಗಟ್ಟಿಮುಟ್ಟಾದ ಮರದ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಎರಡೂ ಕೈಗಳನ್ನು ಎದೆಯ ಮೇಲೆ ಕತ್ತರಿಯಾಗಿ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಮತ್ತೆ ಕೂರಬಲ್ಲಿರಿ ಎಂದು ಎಣಿಸಿ. ಗಡಿಯಾರ ನೋಡಲು ಆ ಕೆಲಸದವರು ಪಕ್ಕದಲ್ಲಿರಲಿ. 70ರಿಂದ 74 ವಯಸ್ಸಿನ ಹೆಂಗಸರಿಗೆ ಹತ್ತಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು ಎಂದು ತಿಳಿಯಬೇಕು; ಅದೇ ವಯಸ್ಸಿನ ಗಂಡಸರಿಗೆ 12. ಕೈಯೂರದೆ ಒಮ್ಮೆಯೂ ಏಳಲಾಗದಿದ್ದರೆ ಅಂಕ ಸೊನ್ನೆ. ಜೀವಮಾನವಿಡೀ ಮಕ್ಕಳಿಗೆ ಅಂಕ ಕೊಟ್ಟವರು ನೀವು, ಇಲ್ಲಿ ದಯೆ ತೋರಿಸಬೇಡಿ. ಬರೆದ ಸಂಖ್ಯೆಯನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಈ ಪರೀಕ್ಷೆಯೇ ಚಿಕಿತ್ಸೆಯೂ ಹೌದು. ಬೆಳಿಗ್ಗೆ ಎಂಟು, ಸಂಜೆ ಎಂಟು ಸಲ ಕುರ್ಚಿಯಿಂದ ಎದ್ದು ಕೂರಿ. ಮೊದಲ ವಾರ ಕೈಯೂರಿಯೇ ಏಳಿ, ತಪ್ಪೇನಿಲ್ಲ. ಮಂಡಿ ನೋವಿದ್ದರೆ ಕುರ್ಚಿಯ ಮೇಲೆ ಜಮಖಾನ ಮಡಚಿ ಹಾಕಿ ಎತ್ತರ ಮಾಡಿಕೊಳ್ಳಿ. ಏಳುವುದಕ್ಕಿಂತ ಕೂರುವುದು ಮುಖ್ಯ: ಧೊಪ್ಪನೆ ಕೂರಬಾರದು, ಮೂರು ಎಣಿಸುತ್ತಾ ಇಳಿಯಬೇಕು. ಸ್ನಾಯು ಬಲಗೊಳ್ಳುವುದು ಆ ನಿಧಾನದಲ್ಲಿ. ಇದು ಸಲೀಸಾದ ಮೇಲೆ ಅಡುಗೆ ಕಟ್ಟೆಯನ್ನು ಎರಡೂ ಕೈಯಿಂದ ಹಿಡಿದು ತುದಿಗಾಲಿನಲ್ಲಿ ನಿಂತು ಇಳಿಯುವುದನ್ನು ಹತ್ತು ಸಲ ಮಾಡಿ. ಆಮೇಲೆ ಅದೇ ಕಟ್ಟೆ ಹಿಡಿದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ಇಟ್ಟು ಹತ್ತು ಸೆಕೆಂಡು ನಿಲ್ಲಿ. ಹಾಲು ಉಕ್ಕುವವರೆಗೆ ಕಾಯುವ ಹೊತ್ತು ಇದಕ್ಕೆ ಸಾಕು.

"ದಿನಾ ವಾಕಿಂಗ್ ಹೋದರೆ ಸಾಲದೇ?" ಎಂದು ಕೇಳುವವರೇ ಹೆಚ್ಚು. ನಡಿಗೆ ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಒಳ್ಳೆಯದು. ಆದರೆ ಸಮತಟ್ಟು ದಾರಿಯ ನಡಿಗೆ ತೊಡೆಗೆ ಹೊಸ ಬಲ ಕೊಡುವುದು ಅಷ್ಟಕ್ಕಷ್ಟೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ 65 ದಾಟಿದವರಿಗೆ ಸಮತೋಲನ ಮತ್ತು ಬಲದ ಅಭ್ಯಾಸಗಳನ್ನು ವಾರಕ್ಕೆ ಕನಿಷ್ಠ ಮೂರು ದಿನ ಬೇರೆಯಾಗಿಯೇ ಹೇಳಿರುವುದು ಇದೇ ಕಾರಣಕ್ಕೆ.

ನೆಲದಿಂದ ಏಳುವುದನ್ನು ಬಿಡಬೇಡಿ ಎನ್ನುತ್ತೇನೆ, ಆದರೆ ಕ್ರಮ ಬದಲಿಸಿ. ಕುಳಿತಲ್ಲಿಂದ ನೇರ ಏಳಲು ಹೋಗಬೇಡಿ. ಒಂದು ಪಕ್ಕಕ್ಕೆ ವಾಲಿ, ಎರಡೂ ಅಂಗೈ ನೆಲಕ್ಕೂರಿ, ಅಂಬೆಗಾಲಿನ ಸ್ಥಿತಿಗೆ ಬನ್ನಿ. ಹತ್ತಿರದಲ್ಲಿಟ್ಟ ಕುರ್ಚಿಯ ಮೇಲೆ ಕೈಯಿಟ್ಟು, ಗಟ್ಟಿ ಇರುವ ಕಾಲಿನ ಪಾದವನ್ನು ಮುಂದಕ್ಕೆ ಊರಿ, ಅದರ ಮೇಲೆ ಭಾರ ಹಾಕಿ ಎದ್ದು, ತಿರುಗಿ ಕುರ್ಚಿಯಲ್ಲೇ ಕೂರಿ. ಒಂದು ನಿಮಿಷದ ಮೇಲೆ ನಿಲ್ಲಿ. ಮುಂದೆ ಎಂದಾದರೂ ಒಬ್ಬರೇ ಇದ್ದಾಗ ಬಿದ್ದರೆ ನಿಮ್ಮನ್ನು ಎಬ್ಬಿಸುವುದು ಈ ಅಭ್ಯಾಸವೇ. ಕಲಿಯುವ ದಿನಗಳಲ್ಲಿ ಪಕ್ಕದಲ್ಲಿ ಯಾರಾದರೂ ಇರಲಿ. ಹಾಸಿದ ಚಾಪೆ ಜಾರದಂತೆ ನೋಡಿಕೊಳ್ಳಿ.

ಇನ್ನು ತಲೆ ತಿರುಗುವುದು. ಇದಕ್ಕೆ ವ್ಯಾಯಾಮ ಮಾತ್ರ ಸಾಲದು, ಮಾತ್ರೆಗಳ ಕಡೆ ನೋಡಬೇಕು. ಮಲಗಿದಾಗ ಸರಿಯಿದ್ದ ರಕ್ತದ ಒತ್ತಡ ಎದ್ದು ನಿಂತಾಗ ಇಳಿದರೆ ಕಣ್ಣು ಕತ್ತಲೆ ಬರುತ್ತದೆ. ಮನೆಯಲ್ಲಿ ತೋಳಿಗೆ ಕಟ್ಟುವ ಬಿ.ಪಿ. ಯಂತ್ರವಿದ್ದರೆ ಐದು ನಿಮಿಷ ಮಲಗಿ ಒಮ್ಮೆ, ನಿಂತು ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಒಮ್ಮೆ ನೋಡಿ ಬರೆದಿಡಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಅದು ವೈದ್ಯರು ತಿಳಿಯಲೇಬೇಕಾದ ವಿಷಯ. ಹೆಚ್ಚಿನ ಕ್ಲಿನಿಕ್ಕುಗಳಲ್ಲಿ ಕೂರಿಸಿಯೇ ಬಿ.ಪಿ. ನೋಡುತ್ತಾರೆ, ಸಾಲು ಉದ್ದವಿರುತ್ತದೆ. ನಿಲ್ಲಿಸಿ ನೋಡಿ ಎಂದು ನೀವೇ ಕೇಳಬೇಕಾಗುತ್ತದೆ. ಅಲ್ಲಿಯವರೆಗೆ, ರಾತ್ರಿ ಎದ್ದಾಗ ಹಾಸಿಗೆಯ ಅಂಚಿನಲ್ಲಿ ಕುಳಿತು ಪಾದಗಳನ್ನು ಹತ್ತು-ಹದಿನೈದು ಸಲ ಮೇಲೆ ಕೆಳಗೆ ಆಡಿಸಿ, ಆಮೇಲೆ ನಿಲ್ಲಿ, ನಿಂತಲ್ಲೇ ಹತ್ತು ಎಣಿಸಿ, ನಂತರ ಹೆಜ್ಜೆ ಇಡಿ.

ನಿಮ್ಮ ಕಾಲಿನ ಬಾವಿಗೂ ರಾತ್ರಿಯ ಮೂತ್ರಕ್ಕೂ ನಂಟಿರುವ ಸಾಧ್ಯತೆ ಇದೆ. ಆಮ್ಲೋಡಿಪಿನ್ ಕೆಲವರಲ್ಲಿ ಹರಡಿನ ಸುತ್ತ ನೀರು ತುಂಬಿಸುತ್ತದೆ. ಹಗಲೆಲ್ಲ ಕಾಲು ಇಳಿಬಿಟ್ಟು ಕುಳಿತರೆ ಅದು ಇನ್ನೂ ಹೆಚ್ಚು. ರಾತ್ರಿ ಮಲಗಿದಾಗ ಆ ನೀರು ರಕ್ತಕ್ಕೆ ಮರಳಿ, ಮೂತ್ರಪಿಂಡ ಅದನ್ನು ಹೊರಹಾಕುವ ಕೆಲಸ ಶುರುಮಾಡುತ್ತದೆ. ಮಧ್ಯಾಹ್ನ ಮೂರರಿಂದ ಒಂದು ಗಂಟೆ ದಿಂಬಿನ ಮೇಲೆ ಕಾಲೆತ್ತಿ ಮಲಗಿದರೆ ಆ ಕೆಲಸ ಹಗಲಿನಲ್ಲೇ ಅರ್ಧ ಮುಗಿಯುತ್ತದೆ. ಮೂತ್ರಕ್ಕೆ ಹೆದರಿ ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ, ಅದರಿಂದ ಬಿ.ಪಿ. ಮತ್ತಷ್ಟು ಇಳಿದು ತಲೆ ಹೆಚ್ಚು ತಿರುಗುತ್ತದೆ. ವಯಸ್ಸಾದಂತೆ ಬಾಯಾರಿಕೆಯೇ ಕಡಿಮೆಯಾಗುವುದರಿಂದ ಬಾಯಾರಿಕೆಯನ್ನು ನಂಬಬೇಡಿ. ಹೃದಯ, ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ ಸಂಜೆ ಆರರೊಳಗೆ ಒಂದೂವರೆ ಲೀಟರಿನಷ್ಟು ನೀರು, ಮಜ್ಜಿಗೆ ಮುಗಿಸಿ. ಆರರ ಮೇಲೆ ಗುಟುಕು ಸಾಕು. ಬಾವು ಎರಡೂ ಕಾಲಿನಲ್ಲಿ ಒಂದೇ ಸಮ ಇಲ್ಲದಿದ್ದರೆ ಅಥವಾ ಮಲಗಿದಾಗ ಉಸಿರು ಕಟ್ಟಿದರೆ ತಡಮಾಡದೆ ತೋರಿಸಿ. ಮೂತ್ರದ ಸೋಂಕು, ಏರಿದ ಸಕ್ಕರೆ ಕೂಡ ರಾತ್ರಿ ಎಬ್ಬಿಸುತ್ತವೆ, ಒಂದು ಮೂತ್ರ ಪರೀಕ್ಷೆ ಆಗಲಿ.

ನಿದ್ರೆಯ ಲೆಕ್ಕವನ್ನು ನೀವೇ ಮಾಡಿ ನೋಡಿ: ಎಂಟೂವರೆಯಿಂದ ಮೂರೂವರೆಗೆ ಏಳು ಗಂಟೆ. ನಡುವೆ ಏಳಬೇಕಾದರೂ ಒಟ್ಟಿನಲ್ಲಿ ನಿಮ್ಮ ವಯಸ್ಸಿಗೆ ಅದು ಕಡಿಮೆಯಲ್ಲ. ನಿಮಗೆ ನಿದ್ರೆ ಕೆಟ್ಟಿರುವುದಕ್ಕಿಂತ ಬೇಗ ಮುಗಿಯುತ್ತಿದೆ. ಮಲಗುವುದನ್ನು ಹತ್ತು ಗಂಟೆಗೆ ಸರಿಸಿದರೆ ಎಚ್ಚರವೂ ಐದರತ್ತ ಸರಿಯುತ್ತದೆ. ಊಟ ಎಂಟಕ್ಕೆ ಇರಲಿ, ಆಮೇಲೆ ಫೋನಿನಲ್ಲಿ ಯಾರೊಡನಾದರೂ ಮಾತು, ರೇಡಿಯೋ, ಓದು ಏನಾದರೂ ಇರಲಿ. ಇಂಥ ನಿದ್ರೆಗೆ ಮಾತ್ರೆ ಬೇಕಿಲ್ಲ. ಆಲ್‌ಪ್ರಜೋಲಾಮ್, ಕ್ಲೋನಾಜೆಪಾಮ್ ಜಾತಿಯ ಮಾತ್ರೆಗಳು ಹಿರಿಯರನ್ನು ರಾತ್ರಿ ಬೀಳಿಸುವುದರಲ್ಲಿ ಕುಖ್ಯಾತ. ಅರ್ಧ ಮಾತ್ರೆಯಾದರೂ ಅದರ ಮಂಪರಿನಲ್ಲೇ ನೀವು ಬಚ್ಚಲಿಗೆ ನಡೆಯುತ್ತಿದ್ದೀರಿ. ಆದರೆ ನಾಳೆಯೇ ಎಸೆಯಬೇಡಿ. ದೀರ್ಘಕಾಲ ನುಂಗಿದ್ದನ್ನು ಥಟ್ಟನೆ ನಿಲ್ಲಿಸಿದರೆ ನಿದ್ರೆ ಪೂರ್ತಿ ಹಾರಿಹೋಗುತ್ತದೆ, ಗಾಬರಿ, ನಡುಕ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ವಾರಗಟ್ಟಲೆ ಸಮಯ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ಇಳಿಸುವ ಕ್ರಮವನ್ನು ವೈದ್ಯರಿಂದ ಬರೆಸಿಕೊಳ್ಳಿ.

ನನಗೆ ಹೆಚ್ಚು ಆತಂಕ ತಂದದ್ದು ಏಕಾದಶಿ ಮತ್ತು ಗ್ಲಿಮಿಪಿರೈಡ್. ಈ ಮಾತ್ರೆ ನೀವು ಉಂಡಿದ್ದೀರೋ ಇಲ್ಲವೋ ನೋಡುವುದಿಲ್ಲ, ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಉಪವಾಸದ ದಿನ ಅದನ್ನು ನುಂಗಿ ಬರಿ ಹೊಟ್ಟೆಯಲ್ಲಿದ್ದರೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು: ಬೆವರು, ನಡುಕ, ಎದೆಬಡಿತ, ತಲೆ ಓಡದಂತಾಗುವುದು. ಹಿರಿಯರಲ್ಲಿ ಬೆವರು ನಡುಕಗಳಿಲ್ಲದೆ ನೇರ ಗೊಂದಲ, ತೂಕಡಿಕೆಯೇ ಬರುವುದುಂಟು. ಮನೆಯವರು ಅದನ್ನು "ಉಪವಾಸದ ಸುಸ್ತು" ಎಂದುಕೊಂಡು ಬಿಡುತ್ತಾರೆ. ಆಗ ಮೂರು ಚಮಚ ಸಕ್ಕರೆ ಕಲಸಿದ ನೀರು ಕುಡಿದು, ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷಿಸಿ, ನಂತರ ಏನಾದರೂ ತಿನ್ನಲೇಬೇಕು. ವ್ರತ ಬಿಡಿ ಎಂದು ನಾನು ಹೇಳುವುದಿಲ್ಲ. ಹಾಲು, ಮೊಸರು, ಹಣ್ಣು, ನಿಮ್ಮ ಮನೆಯ ಪದ್ಧತಿಯಲ್ಲಿ ನಡೆಯುವುದಾದರೆ ಶೇಂಗಾ, ಇವುಗಳನ್ನು ಹೊತ್ತುಹೊತ್ತಿಗೆ ತೆಗೆದುಕೊಳ್ಳುವ ಫಲಾಹಾರವಾಗಲಿ. ಆ ದಿನದ ಮಾತ್ರೆಯ ಪ್ರಮಾಣವನ್ನು ವೈದ್ಯರು ಮೊದಲೇ ತಿಳಿಸಲಿ. ನಿರ್ಜಲ ಏಕಾದಶಿ ಮಾತ್ರ ಬೇಡ. ಕಾಯಿಲೆಯವರಿಗೂ ವಯಸ್ಸಾದವರಿಗೂ ರಿಯಾಯಿತಿ ಇದೆಯೆಂದು ನಿಮ್ಮ ಪುರೋಹಿತರೇ ಹೇಳಿಯಾರು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ನಿಮ್ಮದು 6ರ ಆಸುಪಾಸಿನಲ್ಲಿದ್ದರೆ ಬೀಗಬೇಡಿ: ಈ ಮಾತ್ರೆ ನುಂಗುವ ಹಿರಿಯರಲ್ಲಿ ಅದು ಅತಿಯಾದ ಚಿಕಿತ್ಸೆಯ ಲಕ್ಷಣವೂ ಆಗಿರಬಹುದು. ಹಲವು ಕಾಯಿಲೆಗಳಿರುವ ಹಿರಿಯರಿಗೆ 8ರವರೆಗೆ ಬಿಡುವುದೇ ಕ್ಷೇಮವೆಂದು ನಮ್ಮ ಕ್ಷೇತ್ರ ಒಪ್ಪಿದೆ.

ಪಾದದ ಜೋಮಿಗೆ ಸಕ್ಕರೆ ಕಾಯಿಲೆ ಒಂದು ಕಾರಣ. ಇನ್ನೊಂದು ಸುಲಭವಾಗಿ ತಪ್ಪಿಹೋಗುವ ಕಾರಣ ಬಿ12 ವಿಟಮಿನ್ ಕೊರತೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಅದು ಇಳಿಯುತ್ತದೆ. ಸಸ್ಯಾಹಾರಿಗಳಲ್ಲಿ ಮೊದಲೇ ಕಡಿಮೆ. ನೆಲ ಎಲ್ಲಿದೆ ಎಂದು ಪಾದಕ್ಕೆ ಸರಿಯಾಗಿ ಗೊತ್ತಾಗದಿದ್ದರೆ ಕತ್ತಲಲ್ಲಿ ಹೆಜ್ಜೆ ತಪ್ಪುತ್ತದೆ. ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ, ಚುಚ್ಚುಮದ್ದು ಅಥವಾ ಮಾತ್ರೆಯಿಂದ ತುಂಬಿಸಬಹುದು.

ಊಟ ಮಿತ ಎಂದು ನೀವು ಹೆಮ್ಮೆಯಿಂದ ಬರೆದಿದ್ದೀರಿ. ನಮ್ಮ ಕಡೆ ವಯಸ್ಸಾದವರಿಗೆ ತಿಳಿಸಾರು ಅನ್ನ, ಮಜ್ಜಿಗೆ, ರಾತ್ರಿ ಗಂಜಿ ಸಾಕು ಎಂಬುದು ಸಾತ್ವಿಕತೆಯ ಲಕ್ಷಣವಾಗಿಬಿಟ್ಟಿದೆ. ಹೊಟ್ಟೆಗೆ ಹಗುರ, ನಿಜ, ಸ್ನಾಯುವಿಗೆ ಉಪವಾಸ. ಹಿರಿಯರಿಗೆ ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂಬುದು ಪೌಷ್ಟಿಕ ತಜ್ಞರ ಈಗಿನ ಒಮ್ಮತ. ಯುವಕರಿಗಿಂತ ಹೆಚ್ಚು, ಕಡಿಮೆಯಲ್ಲ. ನಿಮ್ಮ ತೂಕ 55 ಕಿಲೋ ಎಂದುಕೊಂಡರೆ 55ರಿಂದ 66 ಗ್ರಾಂ. ಒಂದು ಲೋಟ ಹಾಲಿನಲ್ಲಿ ಆರೇಳು ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ ಏಳು, ಮೂವತ್ತು ಗ್ರಾಂ ಬೇಳೆಯಲ್ಲಿ ಆರೂವರೆ, ತಿನ್ನುವವರಿಗೆ ಒಂದು ಮೊಟ್ಟೆಯಲ್ಲಿ ಆರು. ಹುರುಳಿ ಕಟ್ಟಿನ ಸಾರು ರುಚಿಯೇ, ಆದರೆ ಪ್ರೋಟೀನಿನ ಬಹುಪಾಲು ಬಸಿದು ತೆಗೆದ ಕಾಳಿನಲ್ಲಿ ಉಳಿದಿರುತ್ತದೆ, ಅದನ್ನು ಉಸಲಿ ಮಾಡಿ ನೀವೇ ತಿನ್ನಿ. ಬೆಳಿಗ್ಗೆಯ ದೋಸೆಗೆ ಶೇಂಗಾ ಚಟ್ನಿ, ಮಧ್ಯಾಹ್ನ ಗಟ್ಟಿ ಬೇಳೆಯ ಹುಳಿ ಮತ್ತು ಕೋಸಂಬರಿ, ಸಂಜೆ ಹಾಲು, ರಾತ್ರಿ ಗಂಜಿಯ ಬದಲು ಹೆಸರುಬೇಳೆ ಪೊಂಗಲ್ಲು, ಮೊಸರು. ರಾಗಿ ಸೇರಿದರೆ ಕ್ಯಾಲ್ಸಿಯಂ ಕೂಡ ಬರುತ್ತದೆ. ಮೂರು ಹೊತ್ತಿಗೂ ಹಂಚಿ ತಿಂದರೆ ಸ್ನಾಯು ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಇರುವುದರಿಂದ ಇದನ್ನು ಶುರುಮಾಡುವ ಮುನ್ನ ಕ್ರಿಯೇಟಿನಿನ್ ಪರೀಕ್ಷೆ ಮಾಡಿಸಿ. ಮೂತ್ರಪಿಂಡ ಸೊರಗಿದ್ದರೆ ಪ್ರಮಾಣ ಬೇರೆ. ಅಗಿಯಲು ಹಲ್ಲಿಲ್ಲವೆಂಬ ಕಾರಣಕ್ಕೆ ಗಂಜಿಗೆ ಇಳಿದಿದ್ದರೆ, ಮೊದಲು ಹೋಗಬೇಕಾದದ್ದು ದಂತವೈದ್ಯರ ಬಳಿಗೆ.

ಮನೆಯ ವಿಷಯ. ಮಲೆನಾಡಿನ ಬಚ್ಚಲು, ಅದರ ಒದ್ದೆ ಕಲ್ಲು, ಸೋಪಿನ ನೀರು, ಎತ್ತರದ ಹೊಸ್ತಿಲು, ಮಂದ ಬಲ್ಬು ನನಗೆ ಗೊತ್ತು. ಹೊಸ್ತಿಲ ಅಂಚಿಗೆ ದಪ್ಪವಾಗಿ ಬಿಳಿ ಅಥವಾ ಹಳದಿ ಬಣ್ಣ ಬಳಿಸಿ. ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ ಇರಲಿ, ಕರೆಂಟು ಹೋಗುವ ಊರಾದ್ದರಿಂದ ದಿಂಬಿನ ಪಕ್ಕ ಟಾರ್ಚು. ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ ಉಕ್ಕಿನ ಹಿಡಿ ಬೇಕು. ನಲ್ಲಿ, ಟವೆಲ್ ಕಂಬಿ ಹಿಡಿಯಲು ಇರುವುದಲ್ಲ, ಭಾರ ಬಿದ್ದರೆ ಕಿತ್ತು ಬರುತ್ತವೆ. ಸ್ನಾನ ಕುಳಿತು ಆಗಲಿ, ರಬ್ಬರ್ ಕಾಲಿನ ಸ್ಟೂಲಿನ ಮೇಲೆ. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಬೇಡಿ. ಹಳೆ ಸೀರೆಯಿಂದ ಮಾಡಿದ ಕಾಲೊರಸು ಬಹಳ ಜಾರುತ್ತದೆ, ಅದಕ್ಕೆ ಇಂದೇ ನಿವೃತ್ತಿ ಕೊಡಿ. ಸವೆದ ಹವಾಯಿ ಚಪ್ಪಲಿಗೂ. ಮಳೆಗಾಲದಲ್ಲಿ ಅಂಗಳದ ಪಾಚಿ ಉಜ್ಜಿಸುವುದು, ಅಡಿಕೆ ದಬ್ಬೆ ಹಾಸುವುದು ಆ ಕೆಲಸದವರ ಪಾಲಿಗಿರಲಿ. ನಿಮ್ಮಲ್ಲಿ ಮೊಬೈಲ್ ಸಿಗ್ನಲ್ಲು ನಂಬುವಂತಿಲ್ಲದಿದ್ದರೆ ಪಕ್ಕದ ಮನೆಯವರೊಡನೆ ಒಪ್ಪಂದ ಮಾಡಿಕೊಳ್ಳಿ: ಏಳು ಗಂಟೆಗೆ ಜಗಲಿಯ ಬಾಗಿಲು ತೆರೆಯದಿದ್ದರೆ ಅವರು ಬಂದು ನೋಡಬೇಕು. ಒಂದು ಬೀಗದ ಕೈ ಅವರಲ್ಲಿರಲಿ.

ಮಗನಿಗೆ ಈ ಉತ್ತರವನ್ನೇ ಕಳುಹಿಸಿ. ಸಹಾಯಕರನ್ನು ಬಿಡಿಸಬೇಕಿಲ್ಲ, ಕೆಲಸ ಹಂಚಿಕೊಳ್ಳಬೇಕು. ಏಣಿ ಹತ್ತುವುದು, ತುಂಬಿದ ಕೊಡ ಎತ್ತುವುದು, ಬಚ್ಚಲು ತಿಕ್ಕುವುದು ಅವರದು. ಒಗ್ಗರಣೆ, ದೋಸೆ, ಹೂ ಕೊಯ್ಯುವುದು, ಬಟ್ಟೆ ಮಡಚುವುದು, ಗಿಡಕ್ಕೆ ಚೊಂಬಿನಲ್ಲಿ ನೀರು ಹಾಕುವುದು ನಿಮ್ಮದು. ಬಿದ್ದವರಿಗೆ ಮತ್ತೆ ಬೀಳುವ ಭಯ ಸಹಜ, ಮಕ್ಕಳಿಗೆ ಅದರ ಎರಡರಷ್ಟು. ಆ ಭಯದಿಂದ ಓಡಾಟ ನಿಂತರೆ ಕಾಲು ಸೋಲುತ್ತದೆ, ಸೋತ ಕಾಲು ಮತ್ತೆ ಬೀಳಿಸುತ್ತದೆ ಎಂಬುದನ್ನು ಅವನಿಗೆ ಲೆಕ್ಕದಂತೆ ವಿವರಿಸಿ. ಊರುಗೋಲು ಬೇಕೆಂದು ಫಿಸಿಯೋಥೆರಪಿಸ್ಟ್ ಹೇಳಿದರೆ ನಾಚಿಕೆ ಬೇಡ; ಅದರ ಹಿಡಿ ನಿಮ್ಮ ಮಣಿಕಟ್ಟಿನ ಎತ್ತರಕ್ಕಿರಬೇಕು, ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು.

ಯಜಮಾನರನ್ನು ಕಳೆದುಕೊಂಡದ್ದನ್ನು ನೀವು ಮಾತ್ರೆಯ ನೆಪದಲ್ಲಷ್ಟೇ ಬರೆದಿದ್ದೀರಿ. ದುಃಖ ದುಃಖವಾಗಿಯೇ ಇರಲಿ, ಅದಕ್ಕೆ ಗಡುವಿಲ್ಲ. ಆದರೆ ಎರಡು ವಾರಕ್ಕೂ ಹೆಚ್ಚು ಯಾವುದರಲ್ಲೂ ಮನಸ್ಸು ನಿಲ್ಲದೆ, ಹಸಿವು ಸತ್ತು, ಬದುಕೇ ಬೇಡವೆನ್ನಿಸಿದರೆ ಅದು ಚಿಕಿತ್ಸೆಯಿಂದ ಇಳಿಯುವ ಕಾಯಿಲೆ. 14416 ಟೆಲಿ ಮಾನಸ್ ಸಂಖ್ಯೆಯಲ್ಲಿ ಕನ್ನಡದಲ್ಲೇ, ಖರ್ಚಿಲ್ಲದೆ ಮಾತನಾಡಬಹುದು. ಹಿರಿಯರ ಇತರ ತೊಂದರೆಗಳಿಗೆ 14567 ಸಹಾಯವಾಣಿ ಇದೆ. ಶಾಲೆ ಹತ್ತಿರವಿದ್ದರೆ ವಾರಕ್ಕೆರಡು ದಿನ ಮಕ್ಕಳಿಗೆ ಓದಿಸಲು ಹೋಗಿ. ಮಾತ್ರೆಯಂಗಡಿಯಲ್ಲಿ ಸಿಗದ ಔಷಧ ಅದು.

ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ನೆಗಡಿಯದು, ಮಂಡಿನೋವಿಗೆ ಅಂಗಡಿಯಿಂದ ತಂದದ್ದು, ಲೇಹ್ಯ, ಚೂರ್ಣ ಸೇರಿ. ನಿಂತು ನೋಡಿದ ಬಿ.ಪಿ. ಪಟ್ಟಿ ಜೊತೆಗಿರಲಿ. ಎಚ್‌ಬಿಎ1ಸಿ, ಕ್ರಿಯೇಟಿನಿನ್, ಸೋಡಿಯಂ, ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ ನೋಡಿಸುವುದು ಒಳ್ಳೆಯದು. ಮೊದಲು ಸರಿಯಾಗಿದ್ದ ಲಂಗ ಈಗ ನೆಲಕ್ಕೆ ತಾಗುತ್ತಿದ್ದರೆ ನಿಮ್ಮ ಎತ್ತರ ಇಳಿದಿದೆ, ಬೆನ್ನುಮೂಳೆ ಸದ್ದಿಲ್ಲದೆ ಕುಸಿದಿರಬಹುದು; ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಕೇಳಿ. ಕಣ್ಣಿನ ಪೊರೆ, ಕಿವಿಯ ಕೇಳ್ಮೆ ಎರಡನ್ನೂ ಇದೇ ಸುತ್ತಿನಲ್ಲಿ ತೋರಿಸಿ, ವರ್ಷಕ್ಕೊಮ್ಮೆಯ ಫ್ಲೂ ಲಸಿಕೆಯ ಬಗ್ಗೆಯೂ ವಿಚಾರಿಸಿ. ಬಿದ್ದಾಗ ತಲೆಗೆ ಪೆಟ್ಟಾಗಿತ್ತೇ ಎಂದು ನೀವು ಬರೆದಿಲ್ಲ. ಆಗಿದ್ದರೆ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಾದರೆ, ಮೆದುಳಿನ ಮೇಲಿನ ನಿಧಾನ ರಕ್ತಸ್ರಾವ ವಾರಗಳ ನಂತರವೂ ಕಾಣಿಸಿಕೊಳ್ಳುತ್ತದೆ: ಬಿಡದ ತಲೆನೋವು, ಮಾತಿನಲ್ಲಿ ತೊಡಕು, ಒಂದು ಕಡೆಯ ಕೈಕಾಲು ಸೋಲುವುದು, ಹಗಲಲ್ಲೂ ತೂಕಡಿಕೆ. ಇವುಗಳಲ್ಲಿ ಯಾವುದಿದ್ದರೂ ವ್ಯಾಯಾಮ, ಊಟ ಎಲ್ಲ ಆಮೇಲೆ. ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಅದೇ ದಿನ ಹೊರಡಿ.